ಸೇರಿಸಿಕೊಂಡ ಮೇಲೆ ಯಾರ ಹೊಣೆ?

2015ರ ಆಗಸ್ಟ್‌ನಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ದಾಖಲಾತಿಯ ಲೆಕ್ಕ ತಾಳೆಯಾಗಲಿಲ್ಲ. ಸೀಟು ಪಡೆದು, ‘ಸೇರುತ್ತೇನೆ’ ಎಂದು ಒಪ್ಪಿಗೆಯನ್ನೂ ಕೊಟ್ಟಿದ್ದ ಹೊಸಬರಲ್ಲಿ ಹೆಚ್ಚುಕಡಿಮೆ ಐವರಿಗೆ ಒಬ್ಬರಂತೆ ತರಗತಿ ಶುರುವಾದಾಗ ಕಾಣಿಸಲಿಲ್ಲ. ಬೇರೆ ಕಾಲೇಜು ಸಿಕ್ಕಿರಬೇಕು ಎಂದು ಸುಮ್ಮನಾಗಬಹುದಿತ್ತು. ಅಲ್ಲಿನ ಆಡಳಿತ ಸುಮ್ಮನಾಗದೆ ಆ ಹೆಸರುಗಳನ್ನು ರಾಷ್ಟ್ರಮಟ್ಟದ ದಾಖಲೆಯಲ್ಲಿ ಹುಡುಕಿಸಿತು. ಇನ್ನೂರಕ್ಕೂ ಹೆಚ್ಚು ಮಂದಿ ಒಂದು ವರ್ಷ ಕಳೆದ ಮೇಲೂ ದೇಶದ ಯಾವ ಕಾಲೇಜಿಗೂ ಸೇರಿರಲಿಲ್ಲ. ಅವರಲ್ಲಿ ಹೆಚ್ಚಿನವರು ಬಡ ಮನೆಗಳ ಮಕ್ಕಳು.

ಕಾರಣ ಕೆದಕುತ್ತ ಹೋದರೆ ಸಿಕ್ಕಿದ್ದೆಲ್ಲ ಚಿಕ್ಕ ಸಂಗತಿಗಳೇ. ಕೇಂದ್ರ ಸರ್ಕಾರದ ಹಣಸಹಾಯಕ್ಕೆ ಅರ್ಜಿ ಹಾಕುವುದು ಹೇಗೆಂದು ತಿಳಿದಿಲ್ಲ. ಲಸಿಕೆ ಹಾಕಿಸಿಕೊಂಡ ದಾಖಲೆ ಕಳಿಸಿಲ್ಲ. ಶುಲ್ಕದ ಗಡುವು ಮುಗಿದದ್ದು ಗೊತ್ತಾಗಿಲ್ಲ. ಹೈಸ್ಕೂಲಿನ ಮೇಷ್ಟ್ರ ಕಣ್ಣಿನಿಂದ ಇಂಥ ಹುಡುಗ ದಾಟಿಹೋಗಿದ್ದಾನೆ, ವಿಶ್ವವಿದ್ಯಾಲಯದ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಮನೆಯಲ್ಲಿ ಕಾಲೇಜು ಓದಿದವರೇ ಇಲ್ಲದಿದ್ದರೆ ಕೇಳುವುದಾದರೂ ಯಾರನ್ನು? ಮೇ ತಿಂಗಳಿಂದ ಆಗಸ್ಟ್‌ವರೆಗಿನ ಆ ನಡುಗಾಲದಲ್ಲಿ ಅವನು ಯಾರ ಲೆಕ್ಕದಲ್ಲೂ ಇರುವುದಿಲ್ಲ.

ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಎಲ್ಲೇ ಸಭೆ ಸೇರಲಿ, ಮೊದಲು ಕೇಳಿಸುವ ಪ್ರಶ್ನೆ ‘ಈ ವರ್ಷ ಎಷ್ಟು ಅಡ್ಮಿಷನ್ ಆಯಿತು?’ ಎಂಬುದೇ. ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಮುಗಿಸದವರು ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ ಬಿಟ್ಟುಹೋದರು ಎಂಬ ಪ್ರಶ್ನೆ ಅಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಓದುವ ಮನಸ್ಸಿಲ್ಲ, ತಳಪಾಯ ಸರಿಯಿಲ್ಲ, ಮನೆಯಲ್ಲಿ ಕಷ್ಟ. ಜಾರ್ಜಿಯಾ ಸ್ಟೇಟ್‌ನ ಕತೆ ನಮಗೂ ಮುಖ್ಯವೆಂದು ನನಗನ್ನಿಸುವುದು ಇಲ್ಲಿಯೇ. ಅವರು ಆ ಸಿದ್ಧ ಉತ್ತರವನ್ನು ಬದಿಗಿಟ್ಟು, ಮಕ್ಕಳ ದಾರಿಗೆ ತಾವೇ ಅಡ್ಡ ನಿಂತಿದ್ದೇವೆಯೇ ಎಂದು ಕೇಳಿಕೊಂಡರು. ಬಹಳ ಸಲ ಉತ್ತರ ಹೌದೆಂದೇ ಬಂತು.

ಸಹಿಯೊಂದೇ ಬೇಲಿಯಾದಾಗ

ಜಾರ್ಜಿಯಾ ಸ್ಟೇಟ್ ಹಣವಂತರ ವಿಶ್ವವಿದ್ಯಾಲಯವಲ್ಲ. 1913ರಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಜೆ ವಾಣಿಜ್ಯ ಶಾಲೆಯಾಗಿ ಶುರುವಾಗಿ, ಹಗಲು ದುಡಿದು ಸಂಜೆ ಓದುವವರಿಗಾಗಿ ನಗರದ ನಡುಮಧ್ಯದಲ್ಲಿ ಬೆಳೆದದ್ದು. ಆದರೆ ದುಡಿಯುವವರೆಲ್ಲರಿಗೂ ಅದರ ಬಾಗಿಲು ತೆರೆದಿರಲಿಲ್ಲ. 1950ರ ದಶಕದಲ್ಲಿ ಅಲ್ಲಿ ಪ್ರವೇಶ ಬೇಕಾದರೆ ಹಳೆಯ ವಿದ್ಯಾರ್ಥಿಗಳ ಸಹಿಯಿರುವ ಶಿಫಾರಸು ಪತ್ರ ತರಬೇಕು ಎಂಬ ನಿಯಮವಿತ್ತು. ನಿಯಮದ ಮಾತಿನಲ್ಲಿ ಬಣ್ಣದ ಉಲ್ಲೇಖವೇ ಇಲ್ಲ. ಹಳೆಯ ವಿದ್ಯಾರ್ಥಿಗಳೆಲ್ಲ ಬಿಳಿಯರಾಗಿದ್ದರಿಂದ ಉಲ್ಲೇಖದ ಅಗತ್ಯವೂ ಇರಲಿಲ್ಲ. ಕಪ್ಪು ವರ್ಣದ ಮೂವರು ಮಹಿಳೆಯರು, ಬಾರ್ಬರಾ ಹಂಟ್, ಐರಿಸ್ ಮೇ ವೆಲ್ಚ್, ಮೈರಾ ಎಲಿಯಟ್ ಡಿನ್ಸ್‌ಮೋರ್, ನ್ಯಾಯಾಲಯಕ್ಕೆ ಹೋದರು. 1959ರಲ್ಲಿ ನ್ಯಾಯಾಧೀಶ ಬಾಯ್ಡ್ ಸ್ಲೋನ್ ಆ ನಿಯಮವನ್ನು ತಳ್ಳಿಹಾಕಿದರು. ರಾಜ್ಯದ ಶಾಸನಸಭೆ ತಡಮಾಡದೆ ಪ್ರವೇಶಕ್ಕೆ ವಯೋಮಿತಿಯ ಹೊಸ ತಡೆ ಹಾಕಿತು. ಗೆದ್ದ ಆ ಮೂವರಿಗೂ ಅಲ್ಲಿ ಓದಲು ಆಗಲೇ ಇಲ್ಲ. ಮೊದಲ ಕಪ್ಪು ವಿದ್ಯಾರ್ಥಿನಿ ಆ ಬಾಗಿಲು ದಾಟಿದ್ದು 1962ರಲ್ಲಿ.

ಆ ಕಾಲದ ನಿಯಮ ಬೇಕೆಂದೇ ಮಾಡಿದ ಅನ್ಯಾಯ. ಇವತ್ತಿನ ಅರ್ಜಿ, ಗಡುವು, ಪ್ರಮಾಣಪತ್ರಗಳ ಹಿಂದೆ ಅಂಥ ದುರುದ್ದೇಶವಿಲ್ಲ. ಆದರೂ ಕೆಲವರಿಗೆ ಸಲೀಸಾಗಿ ಸಿಗುವ ಕಾಗದವನ್ನು ಎಲ್ಲರಿಂದಲೂ ಒಂದೇ ಸಮನಾಗಿ ಕೇಳಿದರೆ ಹೊರಗುಳಿಯುವವರು ಮಾತ್ರ ಅವತ್ತಿನವರೇ.

2003ರ ಲೆಕ್ಕ ಇದನ್ನೇ ಹೇಳುತ್ತಿತ್ತು. ನಾಲ್ಕು ವರ್ಷದ ಪದವಿಯನ್ನು ಆರು ವರ್ಷದಲ್ಲಾದರೂ ಮುಗಿಸಿದವರು ಶೇ 32 ಮಾತ್ರ. ಆಫ್ರಿಕನ್-ಅಮೆರಿಕನ್ನರಲ್ಲಿ ಶೇ 29, ಲ್ಯಾಟಿನೋ ಸಮುದಾಯದಲ್ಲಿ ಶೇ 22, ಆಫ್ರಿಕನ್-ಅಮೆರಿಕನ್ ಗಂಡುಮಕ್ಕಳಲ್ಲಿ ಶೇ 18. ಅಮೆರಿಕದಲ್ಲಿ 1990ರಿಂದ ಒಂದು ಕಾಯ್ದೆಯಿದೆ. ಸರ್ಕಾರದ ಹಣಸಹಾಯ ಪಡೆಯುವ ವಿದ್ಯಾರ್ಥಿಗಳಿರುವ ಪ್ರತಿ ಕಾಲೇಜೂ ತನ್ನಲ್ಲಿ ಎಷ್ಟು ಮಂದಿ ಪದವಿ ಮುಗಿಸುತ್ತಾರೆ ಎಂಬುದನ್ನು ಬಹಿರಂಗಪಡಿಸಬೇಕು. ಈ ಅಂಕಿಗಳನ್ನು ಮುಚ್ಚಿಡುವಂತಿರಲಿಲ್ಲ. ಅವು ಎದುರಿಗೆ ಬಂದು ಕೂತದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತೆಂದು ನಾನು ನಂಬುತ್ತೇನೆ.

‘ಸಿ’ ದರ್ಜೆಯ ಸುಳಿವು

ಮಾರ್ಕ್ ಬೆಕರ್ 2009ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ ಬಂದರು. ಮೂಲತಃ ಸಂಖ್ಯಾಶಾಸ್ತ್ರದವರು. ಅವರ ಜೊತೆ ಈ ಅಂಕಿಗಳನ್ನು ಬದಲಿಸುವ ಕೆಲಸದ ನೊಗ ಹೊತ್ತವರು ಟಿಮ್ ರೆನಿಕ್, ಧರ್ಮಗಳ ಅಧ್ಯಯನ ವಿಭಾಗದ ಪ್ರಾಧ್ಯಾಪಕರು. ಒಬ್ಬರಿಗೆ ಅಂಕಿಯ ಭಾಷೆ ಗೊತ್ತು, ಇನ್ನೊಬ್ಬರಿಗೆ ತರಗತಿಯ ಮುಖಗಳು ಗೊತ್ತು. 2011ರಲ್ಲಿ ವಿಶ್ವವಿದ್ಯಾಲಯ ತನ್ನ ಹೊಸ ಕಾರ್ಯಯೋಜನೆ ಸಿದ್ಧಪಡಿಸಿದಾಗ, ಎಲ್ಲ ಹಿನ್ನೆಲೆಯ ವಿದ್ಯಾರ್ಥಿಗಳೂ ಪದವಿ ಮುಗಿಸುವಂತೆ ಮಾಡುವುದನ್ನೇ ಮೊದಲ ಗುರಿಯಾಗಿ ಬರೆದುಕೊಂಡಿತು. ಕಟ್ಟಡ, ಸಂಶೋಧನೆ, ಶ್ರೇಯಾಂಕ ಎಲ್ಲ ಅದರ ನಂತರ.

ಹತ್ತು ವರ್ಷಗಳ ದಾಖಲೆ ತೆಗೆದರು. ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳು, ಇಪ್ಪತ್ತೈದು ಲಕ್ಷದಷ್ಟು ಗ್ರೇಡ್‌ಗಳು. ಯಾವ ತಿರುವಿನಲ್ಲಿ ಮಕ್ಕಳು ಜಾರುತ್ತಾರೆ ಎಂದು ನೋಡಿದಾಗ ಮೇಷ್ಟ್ರುಗಳ ಅಂದಾಜಿಗೂ ಸಿಗದ ಸಂಗತಿಗಳು ಹೊರಬಂದವು. ರಾಜ್ಯಶಾಸ್ತ್ರದ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಿ. ತನ್ನ ಮುಖ್ಯ ವಿಷಯದ ಮೊದಲ ಪತ್ರಿಕೆಯಲ್ಲಿ ‘ಎ’ ಅಥವಾ ‘ಬಿ’ ದರ್ಜೆ ಪಡೆದವರಲ್ಲಿ ನಾಲ್ಕಕ್ಕೆ ಮೂವರು ಪದವಿ ಮುಗಿಸುತ್ತಾರೆ. ‘ಸಿ’ ಬಂದವರಲ್ಲಿ ನಾಲ್ಕಕ್ಕೆ ಒಬ್ಬರು. ‘ಸಿ’ ಎಂದರೆ ಪಾಸು. ಪಾಸಾದವನನ್ನು ಯಾರು ಕರೆದು ಮಾತಾಡಿಸುತ್ತಾರೆ? ಅವನು ಮುಂದಿನ ಪತ್ರಿಕೆಗೆ ಹೋಗುತ್ತಾನೆ, ಅಲ್ಲಿ ಇನ್ನಷ್ಟು ಓದು, ಇನ್ನಷ್ಟು ಬರವಣಿಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮುಗ್ಗರಿಸುತ್ತಾನೆ. ನರ್ಸಿಂಗ್ ಓದಲು ಬಂದವರ ಭವಿಷ್ಯದ ಸುಳಿವು ಮೊದಲ ವರ್ಷದ ಗಣಿತದಲ್ಲಿ ಸಿಗುತ್ತಿತ್ತು. ಆ ಗಣಿತದಲ್ಲಿ ಹೇಗೋ ಪಾಸಾದವರಿಗೆ ಯಾರೂ ಏನೂ ಹೇಳುತ್ತಿರಲಿಲ್ಲ. ನರ್ಸಿಂಗ್ ಸೀಟು ಸಿಗುವುದಿಲ್ಲವೆಂದು ಅವರಿಗೆ ತಿಳಿಯುವ ಹೊತ್ತಿಗೆ ದುಡ್ಡೂ ವರ್ಷಗಳೂ ಕರಗಿರುತ್ತಿದ್ದವು.

2012ರಲ್ಲಿ ಹೊಸ ಸಲಹಾ ವ್ಯವಸ್ಥೆ ಶುರುವಾಯಿತು. ಈಎಬಿ ಎಂಬ ಸಂಸ್ಥೆಯ ಜೊತೆ ಸೇರಿ ಕಟ್ಟಿದ ಗಣಕ ವ್ಯವಸ್ಥೆ ಪ್ರತಿ ರಾತ್ರಿ ಎಲ್ಲ ವಿದ್ಯಾರ್ಥಿಗಳ ದಾಖಲೆ ನೋಡುತ್ತದೆ. ತಪ್ಪು ಕೋರ್ಸಿಗೆ ಹೆಸರು ಹಚ್ಚಿದ್ದರೆ, ಬೇಕಾದ ಪತ್ರಿಕೆಯನ್ನು ಮುಂದೂಡುತ್ತಲೇ ಇದ್ದರೆ, ಮುಖ್ಯ ವಿಷಯದಲ್ಲಿ ದರ್ಜೆ ಇಳಿದರೆ ಎಚ್ಚರಿಕೆ ಕೊಡುತ್ತದೆ. ಅಂಥ ಎಚ್ಚರಿಕೆಯ ಕಾರಣಗಳು ಎಂಟುನೂರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಈ ಗಣಕವೇ. ನನ್ನ ಮಟ್ಟಿಗೆ ದೊಡ್ಡದು ಬೇರೆ ಇದೆ. ಅದೇ ಹೊತ್ತಿಗೆ ವಿಶ್ವವಿದ್ಯಾಲಯ 42 ಮಂದಿ ಹೊಸ ಸಲಹೆಗಾರರನ್ನು ನೇಮಿಸಿಕೊಂಡಿತು. ಏಳುನೂರು ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರ ಇದ್ದದ್ದು ಮುನ್ನೂರಕ್ಕೆ ಒಬ್ಬರಾಯಿತು. ಎಚ್ಚರಿಕೆ ಬಂದಾಗ ಫೋನ್ ಮಾಡಿ ‘ನಾಳೆ ಬಾ, ಕೂತು ಮಾತಾಡೋಣ’ ಎನ್ನಲು ಒಬ್ಬ ಮನುಷ್ಯ ಇದ್ದ. ವರ್ಷಕ್ಕೆ ಹತ್ತಾರು ಸಾವಿರ ಇಂಥ ಭೇಟಿಗಳು ನಡೆದವು. ಅದಕ್ಕೂ ಮೊದಲು ಸಲಹೆಯ ಕೆಲಸ ವಿಭಾಗ ವಿಭಾಗಗಳಲ್ಲಿ ಹಂಚಿಹೋಗಿತ್ತು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ವಿಷಯ ಬದಲಿಸಿದ ಹುಡುಗಿ ಹೊಸ ವಿಭಾಗದಲ್ಲಿ ತನ್ನ ಕತೆಯನ್ನು ಮೊದಲಿಂದ ಹೇಳಬೇಕಿತ್ತು.

ಗಣಕವನ್ನೂ ಸಲಹೆಗಾರರನ್ನೂ ಬೇರ್ಪಡಿಸಿ ನೋಡುವವರು ಎಡವುತ್ತಾರೆ. ತಂತ್ರಾಂಶ ಕೊಂಡುಕೊಳ್ಳುವುದು ಸುಲಭ, ಅದಕ್ಕೆ ಉದ್ಘಾಟನಾ ಸಮಾರಂಭವನ್ನೂ ಮಾಡಬಹುದು. ಸಲಹೆಗಾರರಿಗೆ ಪ್ರತಿ ತಿಂಗಳು ಸಂಬಳ ಕೊಡಬೇಕು. ಕರೆದು ಮಾತಾಡಿಸುವವರು ಇಲ್ಲದಿದ್ದರೆ ಎಂಟುನೂರು ಎಚ್ಚರಿಕೆ ಬಂದರೂ ಅಷ್ಟೇ.

ಮುನ್ನೂರು ಡಾಲರ್

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಶುಲ್ಕದ ಕತೆ. ಶುಲ್ಕ ಕಟ್ಟದವರ ಹೆಸರನ್ನು ಸೆಮಿಸ್ಟರಿನ ಮೊದಲ ವಾರಗಳಲ್ಲಿ ತೆಗೆದುಹಾಕುವುದು ಅಲ್ಲಿನ ಪದ್ಧತಿ. ಪ್ರತಿ ಸೆಮಿಸ್ಟರಿಗೂ ಸಾವಿರಕ್ಕೂ ಹೆಚ್ಚು ಹೆಸರುಗಳು ಹೀಗೆ ಹೋಗುತ್ತಿದ್ದವು. ಆ ಪಟ್ಟಿಯನ್ನು ಬಿಡಿಸಿ ನೋಡಿದಾಗ, ಕೊನೆಯ ವರ್ಷದಲ್ಲಿದ್ದವರು, ಒಳ್ಳೆಯ ದರ್ಜೆ ಪಡೆಯುತ್ತಿದ್ದವರು, ಇನ್ನೊಂದೆರಡು ಸೆಮಿಸ್ಟರ್ ಓದಿದರೆ ಪದವೀಧರರಾಗುವವರು ಸಾಲುಸಾಲಾಗಿ ಕಂಡರು. ಹಲವರ ಬಾಕಿ ಕೆಲವೇ ನೂರು ಡಾಲರ್. ಮೂರು ವರ್ಷ ಹತ್ತಾರು ಸಾವಿರ ಡಾಲರ್ ಸುರಿದವರು ಮುನ್ನೂರು ಡಾಲರಿಗೆ ನಿಂತುಹೋಗುತ್ತಿದ್ದರು.

2011ರಲ್ಲಿ ವಿಶ್ವವಿದ್ಯಾಲಯ ಅವರ ಖಾತೆಗೆ ತಾನೇ ಹಣ ಹಾಕತೊಡಗಿತು. ಇದಕ್ಕೆ ಪ್ಯಾಂಥರ್ ರಿಟೆನ್ಷನ್ ಗ್ರ್ಯಾಂಟ್ ಎಂದು ಹೆಸರು. ಸರಾಸರಿ ಮೊತ್ತ ಸುಮಾರು 900 ಡಾಲರ್. ಇದಕ್ಕೆ ಅರ್ಜಿಯೇ ಇಲ್ಲ. ಯಾರಿಗೆ ಎಷ್ಟು ಕಡಿಮೆ ಬಿದ್ದಿದೆ ಎಂಬುದು ವಿಶ್ವವಿದ್ಯಾಲಯದ ದಾಖಲೆಯಲ್ಲೇ ಇರುವಾಗ ಮತ್ತೆ ಅವರಿಂದ ಅರ್ಜಿ ಬರೆಸುವುದೇಕೆ? ಸಿಬ್ಬಂದಿ ಫೋನ್ ಮಾಡಿ, ‘ನಿಮ್ಮ ಬಾಕಿ ತೀರಿದೆ, ಸಲಹೆಗಾರರನ್ನು ಬಂದು ಕಾಣಿ’ ಎನ್ನುತ್ತಿದ್ದರು. ಹಣ ಪಡೆದ ಕೊನೆಯ ವರ್ಷದವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿ ಎರಡು ಸೆಮಿಸ್ಟರಿನೊಳಗೆ ಪದವಿ ಮುಗಿಸಿದರು. ಮುಂದಿನ ವರ್ಷಗಳಲ್ಲಿ ಇಂಥ ಸಹಾಯ ಹತ್ತು ಸಾವಿರಕ್ಕೂ ಹೆಚ್ಚು ಸಲ ಕೊಡಲಾಗಿದೆ.

ಇದು ದಾನವಲ್ಲ ಎಂದು ಹಣಕಾಸು ಅಧಿಕಾರಿಗೂ ಅರ್ಥವಾಗುವ ಲೆಕ್ಕವಿದೆ. ವಿದ್ಯಾರ್ಥಿ ಉಳಿದರೆ ಅವನ ಉಳಿದ ಶುಲ್ಕವೂ ಉಳಿಯುತ್ತದೆ. ಮುಂದಿನ ವರ್ಷಕ್ಕೆ ಉಳಿಯುವವರ ಪ್ರಮಾಣ ಶೇ 1ರಷ್ಟು ಏರಿದರೂ ಮೂವತ್ತು ಲಕ್ಷ ಡಾಲರಿಗಿಂತ ಹೆಚ್ಚು ವರಮಾನ ಬರುತ್ತದೆಂದು ಜಾರ್ಜಿಯಾ ಸ್ಟೇಟ್ ಲೆಕ್ಕ ಹಾಕಿದೆ. ಹೊಸಬರನ್ನು ಕರೆತರಲು ಜಾಹೀರಾತಿಗೆ ಸುರಿಯುವ ದುಡ್ಡನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮಲ್ಲಿ ಹಿಂದೆ ವಾರಾನ್ನವಿತ್ತು. ಮೈಸೂರು, ಧಾರವಾಡ, ಬೆಂಗಳೂರಿನ ಮನೆಗಳು ಊರುಬಿಟ್ಟು ಓದಲು ಬಂದ ಬಡ ಹುಡುಗರಿಗೆ ವಾರಕ್ಕೊಂದು ದಿನದಂತೆ ಊಟ ಹಾಕಿದವು. ಅದು ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ ಎಂಬ ಕಹಿ ಸತ್ಯವನ್ನು ಮರೆಯಬಾರದು. ಆ ಕೊರತೆಯನ್ನು ಜಾತಿವಾರು ಉಚಿತ ವಿದ್ಯಾರ್ಥಿನಿಲಯಗಳೂ ಮಠಗಳ ದಾಸೋಹವೂ ಒಂದಿಷ್ಟು ತುಂಬಿದವು. ಅಟ್ಲಾಂಟಾದ ಆ ಮುನ್ನೂರು ಡಾಲರ್ ನನಗೆ ಆ ವಾರದ ಊಟದಂತೆಯೇ ಕಾಣುತ್ತದೆ: ದೊಡ್ಡದಲ್ಲ, ಆದರೆ ಅದಿಲ್ಲದೆ ಓದು ನಿಲ್ಲುತ್ತದೆ. ಒಂದು ವ್ಯತ್ಯಾಸವಿದೆ. ಅಲ್ಲಿ ಮಗು ಮನೆಮನೆಗೆ ಹೋಗಿ ಕೇಳಬೇಕಾಗಿಲ್ಲ.

ಮೊದಲು ಹೇಳಿದ ಬೇಸಿಗೆಯ ಸಮಸ್ಯೆಗೂ ಅವರು ದಾರಿ ಹುಡುಕಿದರು. 2016ರ ಬೇಸಿಗೆಯಲ್ಲಿ ‘ಪೌನ್ಸ್’ ಎಂಬ ಚಾಟ್‌ಬಾಟ್ ತಂದರು. ಮೊಬೈಲಿಗೆ ಸಂದೇಶ ಕಳಿಸಿದರೆ ರಾತ್ರಿ ಎರಡು ಗಂಟೆಗೂ ಉತ್ತರ ಬರುತ್ತದೆ. ಒಂದೇ ಬೇಸಿಗೆಯಲ್ಲಿ ಅದು ಎರಡು ಲಕ್ಷದಷ್ಟು ಪ್ರಶ್ನೆಗಳಿಗೆ ಉತ್ತರಿಸಿತು. ಲಿಂಡ್ಸೆ ಪೇಜ್ ಮತ್ತು ಹಂಟರ್ ಗೆಲ್‌ಬಾಕ್ ಎಂಬ ಸಂಶೋಧಕರು ಸಂದೇಶ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದಾಗ, ದಾರಿಯಲ್ಲಿ ಕಳೆದುಹೋಗುವವರ ಸಂಖ್ಯೆ ಐದನೇ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ಗುಮಾಸ್ತನ ಮುಂದೆ ನಿಂತು ‘ಇದೇನು’ ಎಂದು ಕೇಳಲು ಹಿಂಜರಿಯುವ ಮಕ್ಕಳು ಯಂತ್ರವನ್ನು ಕೇಳಲು ನಾಚುವುದಿಲ್ಲ. ಹಳ್ಳಿಯಿಂದ ಬಂದ ಯಾವ ಪದವಿ ವಿದ್ಯಾರ್ಥಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪದವಿ ಮುಗಿಸುವವರ ಪ್ರಮಾಣ ಶೇ 32 ಇದ್ದದ್ದು ಹತ್ತು ಹನ್ನೆರಡು ವರ್ಷಗಳಲ್ಲಿ ಶೇ 54ಕ್ಕೆ ಬಂತು. ಅದಕ್ಕಿಂತ ಮಹತ್ವದ್ದೆಂದರೆ, ಕಪ್ಪು ಮತ್ತು ಲ್ಯಾಟಿನೋ ವಿದ್ಯಾರ್ಥಿಗಳು, ಬಡ ವಿದ್ಯಾರ್ಥಿಗಳಿಗೆಂದು ಸರ್ಕಾರ ಕೊಡುವ ಅನುದಾನ ಪಡೆಯುವವರು ಉಳಿದವರಿಗೆ ಸರಿಸಮನಾಗಿ ಪದವಿ ಮುಗಿಸತೊಡಗಿದರು. ಇದು ನಡೆದದ್ದು ಬಡ ವಿದ್ಯಾರ್ಥಿಗಳ ಪ್ರಮಾಣ ಅರ್ಧವನ್ನು ದಾಟುತ್ತಿದ್ದ ವರ್ಷಗಳಲ್ಲಿ. ಪ್ರವೇಶವನ್ನು ಬಿಗಿಮಾಡಿ ಗಳಿಸಿದ ಅಂಕಿಯಲ್ಲ. ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಶೇ 54 ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇನ್ನೂ ಅಲ್ಲಿ ಮುಗಿಸುತ್ತಿಲ್ಲ. 2016ರಲ್ಲಿ ತನ್ನೊಳಗೆ ಸೇರಿಸಿಕೊಂಡ ಪೆರಿಮೀಟರ್ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಆಗ ಸಕಾಲಕ್ಕೆ ಮುಗಿಸುತ್ತಿದ್ದವರು ನೂರಕ್ಕೆ ಏಳು ಮಂದಿಯೂ ಇರಲಿಲ್ಲ; ಅದು ದುಪ್ಪಟ್ಟಾದರೂ ದೂರ ಬಹಳವಿದೆ.

ಅದೇ ಅಂಕಿ, ಬೇರೆ ಬುದ್ಧಿ

ಅಂಕಿ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ನಿದರ್ಶನವಿದೆ. ಮೇರಿಲ್ಯಾಂಡ್ ರಾಜ್ಯದ ಎಮಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಮೌಂಟ್ ಸೇಂಟ್ ಮೇರೀಸ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾಲಯವಿದೆ. ಸ್ಥಾಪನೆ 1808. 2015ರಲ್ಲಿ ಹಣಕಾಸು ಹೂಡಿಕೆ ವಲಯದಿಂದ ಬಂದ ಸೈಮನ್ ನ್ಯೂಮನ್ ಅಧ್ಯಕ್ಷರಾದರು. ಮೊದಲ ವರ್ಷದಿಂದ ಎರಡನೇ ವರ್ಷಕ್ಕೆ ಎಷ್ಟು ಮಂದಿ ಉಳಿದರು ಎಂಬ ಪ್ರಮಾಣ ಅಲ್ಲಿ ಪ್ರತಿಷ್ಠೆಯ ಪ್ರಶ್ನೆ. ಆ ಲೆಕ್ಕಕ್ಕೆ ಹಿಡಿಯುವ ತಲೆಎಣಿಕೆ ಸೆಪ್ಟೆಂಬರ್ ಕೊನೆಯಲ್ಲಿ. ಎಣಿಕೆಗೆ ಮೊದಲೇ ಬಿಟ್ಟುಹೋದವರು ಲೆಕ್ಕಕ್ಕೆ ಬರುವುದಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನಾವಳಿ ಕೊಟ್ಟು, ಉತ್ತರ ನೋಡಿ, ಮುಂದೆ ಬಿಟ್ಟುಹೋಗಬಹುದೆನಿಸುವ 20–25 ಮಂದಿಯನ್ನು ಎಣಿಕೆಗೆ ಮೊದಲೇ ಮನೆಗೆ ಕಳಿಸಿಬಿಡುವ ಯೋಜನೆ ಸಿದ್ಧವಾಯಿತು. ಪ್ರಶ್ನಾವಳಿ ತುಂಬುತ್ತಿದ್ದ ಮಕ್ಕಳಿಗೆ ಅದರ ಉದ್ದೇಶ ತಿಳಿದಿರಲಿಲ್ಲ.

ಕೆಲವು ಅಧ್ಯಾಪಕರು ಪಟ್ಟಿ ಕೊಡದೆ ತಡೆದರು, ಯೋಜನೆ ಅಂದುಕೊಂಡಂತೆ ನಡೆಯಲಿಲ್ಲ. 2016ರ ಜನವರಿಯಲ್ಲಿ ವಿದ್ಯಾರ್ಥಿಗಳದೇ ಪತ್ರಿಕೆ ‘ಮೌಂಟನ್ ಎಕೋ’ ಇದನ್ನು ಬಯಲು ಮಾಡಿತು. ಫೆಬ್ರವರಿಯಲ್ಲಿ ಪತ್ರಿಕೆಯ ಮಾರ್ಗದರ್ಶಕರಾಗಿದ್ದ ಅಧ್ಯಾಪಕರನ್ನೂ ಕಾಯಂ ಹುದ್ದೆಯಲ್ಲಿದ್ದ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರನ್ನೂ ಆಡಳಿತ ವಜಾ ಮಾಡಿತು. ದೇಶದೆಲ್ಲೆಡೆ ಪ್ರತಿಭಟನೆ ಎದ್ದಿತು, ವಜಾ ಹಿಂದಕ್ಕೆ ಹೋಯಿತು. ಅಧ್ಯಕ್ಷರು ಹೊರಡಬೇಕೆಂದು ಅಧ್ಯಾಪಕರು 87ಕ್ಕೆ 3ರ ಮತದಲ್ಲಿ ಕೇಳಿದರು. ಫೆಬ್ರವರಿ 29ರಂದು ನ್ಯೂಮನ್ ರಾಜೀನಾಮೆ ಕೊಟ್ಟರು.

ಎರಡೂ ವಿಶ್ವವಿದ್ಯಾಲಯಗಳು ಎಡವಬಹುದಾದ ಮಗು ಯಾವುದೆಂದು ಮೊದಲೇ ಹುಡುಕಿದವು. ಒಂದು ಕೈ ಹಿಡಿಯಲು, ಇನ್ನೊಂದು ಹೊರಗೆ ಕಳಿಸಲು. ಅಪಾಯ ಬೇರೆ ರೂಪದಲ್ಲೂ ಬರುತ್ತದೆ. ಕೆಲವು ದೊಡ್ಡ ವಿಶ್ವವಿದ್ಯಾಲಯಗಳ ಮುನ್ಸೂಚನೆಯ ತಂತ್ರಾಂಶಗಳು ವಿದ್ಯಾರ್ಥಿಯ ಜನಾಂಗವನ್ನೇ ಪ್ರಬಲ ಸೂಚಕವಾಗಿ ಬಳಸುತ್ತಿದ್ದುದನ್ನು 2021ರಲ್ಲಿ ‘ದಿ ಮಾರ್ಕಪ್’ ಎಂಬ ಸುದ್ದಿಸಂಸ್ಥೆ ಹೊರಗೆಳೆಯಿತು. ಹಾಗಾದಾಗ ಒಂದೇ ದರ್ಜೆ ಪಡೆದ ಇಬ್ಬರಲ್ಲಿ ಕಪ್ಪು ಹುಡುಗಿಗೆ ‘ಅಪಾಯ’ದ ಮುದ್ರೆ ಬೀಳುತ್ತದೆ, ಗಣಿತ–ವಿಜ್ಞಾನ ಬಿಟ್ಟು ಸುಲಭದ ವಿಷಯ ತಗೋ ಎನ್ನುವ ಸಲಹೆ ಸಿಗುತ್ತದೆ. ತನ್ನ ಎಚ್ಚರಿಕೆಗಳು ಓದಿನ ನಡೆಯನ್ನು ಮಾತ್ರ ನೋಡುತ್ತವೆ, ಬಣ್ಣ–ಆದಾಯವನ್ನಲ್ಲ ಎಂಬುದು ಜಾರ್ಜಿಯಾ ಸ್ಟೇಟ್‌ನ ನಿಲುವು. ಈ ಗೆರೆಯನ್ನು ಎಲ್ಲಿಯೂ ಅಳಿಸಲು ಬಿಡಬಾರದು. ನಮ್ಮಲ್ಲಿ ನಾಳೆ ಇಂಥ ತಂತ್ರಾಂಶ ಬಂದು ಅದಕ್ಕೆ ಜಾತಿಯನ್ನೋ ತಾಲ್ಲೂಕನ್ನೋ ಉಣಿಸಿದರೆ, ಶತಮಾನಗಳ ಪೂರ್ವಗ್ರಹಕ್ಕೆ ಗಣಕದ ಮೊಹರು ಬೀಳುತ್ತದೆ.

ಇಳಿಯುತ್ತಿರುವ ಸಂಖ್ಯೆ

ಅಮೆರಿಕದ ವಿಶ್ವವಿದ್ಯಾಲಯಗಳ ಆಡಳಿತಗಾರರಿಗೆ ಈಗ ಇನ್ನೊಂದು ಚಿಂತೆ ಹತ್ತಿಕೊಂಡಿದೆ. ಅಲ್ಲಿ 2007ರಲ್ಲಿ ದಾಖಲೆಯ 43 ಲಕ್ಷ ಮಕ್ಕಳು ಹುಟ್ಟಿದ್ದರು. ಮರುವರ್ಷದ ಆರ್ಥಿಕ ಕುಸಿತದಿಂದ ಜನನ ಇಳಿಯತೊಡಗಿ ಮತ್ತೆ ಆ ಮಟ್ಟಕ್ಕೆ ಏರಲಿಲ್ಲ. ಆ 2007ರ ಮಕ್ಕಳಿಗೆ 18 ತುಂಬಿದ್ದು 2025ರಲ್ಲಿ. ಇನ್ನು ಮುಂದೆ ಪ್ರವೇಶಕ್ಕೆ ಬರುವವರೇ ಕಡಿಮೆ. ಕಾರ್ಲ್‌ಟನ್ ಕಾಲೇಜಿನ ಅರ್ಥಶಾಸ್ತ್ರಜ್ಞ ನೇಥನ್ ಗ್ರಾವ್ 2018ರಲ್ಲೇ ಈ ಬಗ್ಗೆ ಪುಸ್ತಕ ಬರೆದು ಎಚ್ಚರಿಸಿದ್ದರು. ಸಣ್ಣ ಕಾಲೇಜುಗಳು ಒಂದೊಂದಾಗಿ ಮುಚ್ಚುತ್ತಿವೆ. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್, 2024ರ ಮೇ 31ರಂದು ಸುದ್ದಿ ಕೊಟ್ಟು ಜೂನ್ 7ಕ್ಕೆ ಬಾಗಿಲು ಹಾಕಿತು. ಓದುತ್ತಿದ್ದ ಮಕ್ಕಳಿಗೆ ಸಿಕ್ಕಿದ್ದು ಒಂದು ವಾರ.

2023–24ರಲ್ಲಿ ಆ ದೇಶದಲ್ಲಿ ಓದುತ್ತಿದ್ದ ಭಾರತೀಯರು 3,31,602. ಬೇರೆಲ್ಲ ದೇಶಗಳವರಿಗಿಂತ ಹೆಚ್ಚು. ಇವರಲ್ಲಿ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ. ಪದವಿ ಓದಲು ಮಕ್ಕಳನ್ನು ಅಲ್ಲಿಗೆ ಕಳಿಸುವ ತಂದೆತಾಯಂದಿರು ಶ್ರೇಯಾಂಕದ ಪಟ್ಟಿಯೊಂದನ್ನೇ ನೋಡದೆ, ಅಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸುತ್ತಾರೆ, ಸಲಹೆಗಾರ ಎಷ್ಟು ಮಂದಿಗೆ ಒಬ್ಬ ಎಂದು ಕೇಳಬೇಕು. ಮೊದಲನೆಯದು ಅಲ್ಲಿನ ಸರ್ಕಾರದ ‘ಕಾಲೇಜ್ ನ್ಯಾವಿಗೇಟರ್’ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ.

ಕರ್ನಾಟಕದ ಒಟ್ಟು ಫಲವತ್ತತೆಯ ದರ ಈಗಾಗಲೇ 1.7 ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದರೆ ಹೆಚ್ಚುಕಡಿಮೆ ಅಮೆರಿಕದ ಸಮಕ್ಕೆ. ಇನ್ನೊಂದೆಡೆ, 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23ರ ವಯಸ್ಸಿನ ಲಕ್ಷ ಜನಕ್ಕೆ 66 ಕಾಲೇಜುಗಳು ಇಲ್ಲಿವೆ. ದೇಶದಲ್ಲಿ ಅದೇ ಅತಿ ಹೆಚ್ಚು. ಕಾಲೇಜು ಹೆಚ್ಚು, ಮಕ್ಕಳು ಕಡಿಮೆ ಎಂಬ ಕಾಲ ನಮ್ಮ ಹೊಸ್ತಿಲಿಗೂ ಬರುತ್ತದೆ. ಆಗ ಕುಲಪತಿಗಳ ಸಭೆಗಳಲ್ಲಿ ಪ್ರವೇಶಾತಿಯ ಚಿಂತೆ ಇನ್ನೂ ಜೋರಾಗುತ್ತದೆ. ಒಳಗಿರುವವರನ್ನು ಉಳಿಸಿಕೊಳ್ಳುವ ಕೆಲಸವನ್ನು ಅಷ್ಟರೊಳಗೆ ಕಲಿತಿರಬೇಕು.

ನಮ್ಮಲ್ಲಿ ಸಲಹೆಯ ಕೊರತೆ ಎಷ್ಟು ದೊಡ್ಡದೆಂದು ಕಳೆದ ಕೆಲವು ವರ್ಷಗಳು ತೋರಿಸಿವೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ನಾಲ್ಕು ವರ್ಷದ ಪದವಿ ಬಂತು, ಓಪನ್ ಎಲೆಕ್ಟಿವ್ ಬಂತು, ಕ್ರೆಡಿಟ್ ಲೆಕ್ಕ ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವ ನೀತಿ ಸರಿ ಎಂಬ ವಾದ ಬೇರೆ. ಒಂದೇ ಕಾಲೇಜಿನ ಒಂದೇ ಕಾರಿಡಾರಿನಲ್ಲಿ ಎರಡು ಬಗೆಯ ಪದವಿ ಓದುವವರು ಓಡಾಡುತ್ತಿದ್ದಾಗ, ಯಾವ ವಿಷಯ ಆರಿಸಿದರೆ ಮುಂದೆ ಎಂ.ಎ., ಬಿ.ಇಡಿ. ಬಾಗಿಲು ತೆರೆಯುತ್ತದೆ, ಯಾವುದನ್ನು ಬಿಟ್ಟರೆ ಮುಚ್ಚುತ್ತದೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವವರು ಎಷ್ಟು ಕಡೆ ಇದ್ದರು? ನ್ಯಾಕ್ ಮಾನ್ಯತೆಗಾಗಿ ತೋರಿಸಬೇಕೆಂದು ಪ್ರತಿ ಕಾಲೇಜಿನಲ್ಲೂ ಮೆಂಟರ್ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವ ಅಧ್ಯಾಪಕರಿಗೆ ಪಾಠ, ಮೌಲ್ಯಮಾಪನ, ಚುನಾವಣಾ ಕೆಲಸಗಳ ನಡುವೆ ಉಳಿಯುವ ಹೊತ್ತು ಎಷ್ಟು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಡೆಸುತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚಿನ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾನು ಅದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದವರಿಂದ, ಮೂರು ವರ್ಷ ಒಂದು ಮಗುವಿನ ಬೆನ್ನಿಗೆ ನಿಲ್ಲು ಎಂದು ಕೇಳುವುದು ನ್ಯಾಯವಲ್ಲ.

ಕಾಗದದ ತೊಡಕುಗಳೂ ನಮಗೆ ಹೊಸವಲ್ಲ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಆಧಾರ್ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಇನಿಷಿಯಲ್ ಹೊಂದದಿದ್ದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ ಹಣ ಬರುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ‘ವಿದ್ಯಾಸಿರಿ’ಯ ತಿಂಗಳ ಹಣವೇ ಕೋಣೆ ಬಾಡಿಗೆ. ಅದು ಪರೀಕ್ಷೆ ಮುಗಿದ ಮೇಲೆ ಬಂದರೆ ಬಾಡಿಗೆಯ ತಿಂಗಳುಗಳು ಹಿಂದಕ್ಕೆ ಬರುವುದಿಲ್ಲ. ಬ್ಯಾಕ್‌ಲಾಗ್ ಉಳಿದ ಒಂದೇ ಪತ್ರಿಕೆಗೆ ಶುಲ್ಕ ಕಟ್ಟುವ ದಿನಾಂಕ ತಪ್ಪಿ ಪದವಿಯನ್ನೇ ಕೈಬಿಟ್ಟವರನ್ನು ನಾನು ಬಲ್ಲೆ. ಅವರಿಗೆ ಕಾಲೇಜಿನಿಂದ ಒಂದು ಫೋನ್ ಕರೆ ಹೋಗಿದ್ದರೆ ಸಾಕಿತ್ತು.

ಮಾಹಿತಿ ಇಲ್ಲವೆನ್ನುವಂತಿಲ್ಲ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಪ್ರವೇಶಾತಿ, ಪರೀಕ್ಷೆ, ಫಲಿತಾಂಶಗಳನ್ನೆಲ್ಲ ಒಂದೇ ಸೂರಿನಡಿ ತರಲೆಂದೇ ಯುಯುಸಿಎಂಎಸ್ ವ್ಯವಸ್ಥೆ ರೂಪುಗೊಂಡಿತು. ಮೊದಲ ಸೆಮಿಸ್ಟರಿನ ಶುಲ್ಕ ಕಟ್ಟಿ ಎರಡನೆಯದಕ್ಕೆ ಕಟ್ಟದವರು ಯಾರು, ಯಾವ ಪತ್ರಿಕೆ ಅತಿ ಹೆಚ್ಚು ಮಂದಿಯನ್ನು ತಡೆದು ನಿಲ್ಲಿಸುತ್ತಿದೆ, ಯಾವ ಕಾಲೇಜಿನಲ್ಲಿ ಐದನೇ ಸೆಮಿಸ್ಟರಿಗೆ ಹುಡುಗಿಯರ ಸಂಖ್ಯೆ ಇಳಿಯುತ್ತಿದೆ ಎಂಬುದನ್ನು ಅಂಥ ದಾಖಲೆಯಿಂದ ಹೆಕ್ಕಿ ತೆಗೆಯುವುದು ಕಷ್ಟವಲ್ಲ. ಪರೀಕ್ಷೆ ನಡೆಸುವುದಕ್ಕೆ, ಅಂಕಪಟ್ಟಿ ಮುದ್ರಿಸುವುದಕ್ಕೆ ಇರುವ ಗಮನವನ್ನು ಇದಕ್ಕೂ ಕೊಡಬೇಕು, ಅಷ್ಟೇ.

2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಬಗ್ಗೆ ಶಿಫಾರಸು ಮಾಡಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆ ನಡೆಯಿತು. ಜಮೀನು, ಕಟ್ಟಡ, ಅನುದಾನ, ಹುದ್ದೆ, ಜಿಲ್ಲೆಯ ಅಭಿಮಾನ ಎಲ್ಲವೂ ಬಂದವು. ಹಾವೇರಿ, ಕೊಪ್ಪಳ, ಚಾಮರಾಜನಗರದಂಥ ಜಿಲ್ಲೆಗಳಲ್ಲಿ ಪದವಿಗೆ ಸೇರಿದ ನೂರು ಮಕ್ಕಳಲ್ಲಿ ಎಷ್ಟು ಮಂದಿ ಮೂರು ವರ್ಷ ಪೂರೈಸುತ್ತಾರೆ, ವಿಶ್ವವಿದ್ಯಾಲಯ ಹತ್ತಿರ ಬಂದದ್ದರಿಂದ ಆ ಸಂಖ್ಯೆ ಏರಿತೇ ಎಂಬ ಪ್ರಶ್ನೆ ಆ ಚರ್ಚೆಯ ನಡುಮಧ್ಯಕ್ಕೆ ಬರಬೇಕಿತ್ತು. ಉಳಿಸುವುದೋ ಮುಚ್ಚುವುದೋ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ನನಗೆ ಕಾಣುತ್ತಿಲ್ಲ.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯವನ್ನು ಕಟ್ಟಿದ ನಾಡು ಇದು. ಇಲ್ಲಿ ಘಟಿಕೋತ್ಸವಗಳು ಶಿಸ್ತಿನಿಂದ ನಡೆಯುತ್ತವೆ. ಚಿನ್ನದ ಪದಕಗಳ ಸಂಖ್ಯೆ, ಪಿಎಚ್‌.ಡಿ. ಪಡೆದವರ ಸಂಖ್ಯೆ, ಹೆಣ್ಣುಮಕ್ಕಳ ಮೇಲುಗೈ ಮರುದಿನ ಪತ್ರಿಕೆಗಳಲ್ಲಿ ಬರುತ್ತವೆ. ಕುಲಪತಿಗಳಲ್ಲಿ, ಕುಲಸಚಿವರಲ್ಲಿ, ಸಿಂಡಿಕೇಟ್ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಘಟಿಕೋತ್ಸವದ ವರದಿಯಲ್ಲಿ, ಮೂರು ವರ್ಷದ ಹಿಂದೆ ಮೊದಲ ಸೆಮಿಸ್ಟರಿಗೆ ಸೇರಿದವರು ಎಷ್ಟು, ಇವತ್ತು ಪದವಿ ಪಡೆಯುತ್ತಿರುವವರು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಕಾಲೇಜುವಾರು ಅಚ್ಚು ಹಾಕಿಸಿ. ನಿಗದಿತ ಅವಧಿಯಲ್ಲಿ ಮುಗಿಸಿದವರ ಲೆಕ್ಕವನ್ನು ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಹೇಗೂ ಕೊಡಬೇಕು. ಅದನ್ನು ತಂದೆತಾಯಂದಿರಿಗೂ ಕೊಡಿ. ಆ ಎರಡು ಸಂಖ್ಯೆಗಳ ನಡುವೆ ಕಾಣೆಯಾದವರಿಗೆ ಒಂದೊಂದು ಫೋನ್ ಮಾಡಿಸಿ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೊರಟ ಓದುಗರು, ಕೌಂಟರಿನಲ್ಲಿ ಶುಲ್ಕ ಕಟ್ಟುವ ಮೊದಲು ಪ್ರಾಂಶುಪಾಲರನ್ನು ಕಂಡು ಆ ಎರಡು ಸಂಖ್ಯೆಗಳನ್ನು ಕೇಳಿ.